ಉಬ್ರಾಣಿ ಎಂದು ಟೈಪ್ ಮಾಡಿದೆ

ಗಿರಿಜಕ್ಕ,

ನಮ್ಮ ನಾಲೆ ಕಚೇರಿಗೆ ಪ್ರಯೋಗಕ್ಕೆಂದು ಕಂಪ್ಯೂಟರ್ ಬಂದ ದಿನ ನೆನಪಿದೆಯೇ? ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ನೀವು ಸೆರಗು ಸಿಕ್ಕಿಸಿ ಕೂತಿರಿ. ಕೂತವರನ್ನು ಮತ್ತೆ ಏಳಲು ಬಿಟ್ಟರೇ? ಹೊಟ್ಟೆನೋವು, ದಾವಣಗೆರೆಗೆ ತೋರಿಸಲು ಹೋಗಬೇಕು ಎಂದು ರಜೆ ಕೇಳಿದಾಗಲೆಲ್ಲ ಸಾಹೇಬರದು ಒಂದೇ ಮಾತು. "ನಿಮ್ಮನ್ನ ಬಿಟ್ರೆ ಇದು ಯಾರಿಗೆ ಬರ್ತೈತೆ? ಚಾನಲ್ ನೀರು ನಿಲ್ಲಲಿ, ಆಮೇಲೆ ಹೋಗ್ರಿ." ನೀರು ನಿಲ್ಲುವ ಮೊದಲೇ ನೀವು ತೀರಿಕೊಂಡಿರಿ.

ಈ ಬೇಸಿಗೆಯ ಮೊದಲ ಗುಡುಗಿಗೆ ಸಿಡಿಲು ಬಡಿದು ಆ ಕಂಪ್ಯೂಟರ್ ಸುಟ್ಟುಹೋಯಿತು. ಯಾವ ಊರಿಗೆ ಯಾವ ದಿನ ನೀರು ಎಂಬ ಪಾಳಿಯೆಲ್ಲ ಅದರಲ್ಲೇ ಇತ್ತು. ಉಳಿದದ್ದು ನೀವು ವಾರವಾರ ನಕಲು ತೆಗೆದಿಟ್ಟ ಫ್ಲಾಪಿಗಳು, ಮತ್ತು ಪಕ್ಕದ ಕೋಣೆಗೆ ಆಮೇಲೆ ಬಂದಿದ್ದ ಹೊಸ ಕಂಪ್ಯೂಟರ್. ಅದಕ್ಕೆ ಫ್ಲಾಪಿ ಹಾಕಿದಾಗಲೆಲ್ಲ ಒಂದೇ ಉತ್ತರ: ಮರಳಿಸಲು ಏನೂ ಸಿಗಲಿಲ್ಲ.

ಅಷ್ಟರಲ್ಲಿ ಮೇಲಿನ ಊರಿನವರು ಪಾಳಿ ತಮ್ಮದೇ ಎಂದು ನೀರು ತಿರುಗಿಸಿಕೊಂಡಿದ್ದರು. ಕೆರೆಬಿಳಚಿಯ ರೈತರು ಬಂದು ಕಿಟಕಿಯನ್ನು ಮುತ್ತಿದರು. ಒಬ್ಬ ಹಿರಿಯರು ಸರಳು ಹಿಡಿದು, "ನಮ್ ಪಾಳಿ ಸಿಕ್ತೇನವ್ವ? ಭತ್ತ ಹೊಡೆ ಆಗೈತೆ, ತೆನೆ ಬರೋ ಹೊತ್ತು, ಇನ್ನು ತಡಿಯಂಗಿಲ್ಲ" ಎಂದರು. ಬಾಗಿಲಲ್ಲಿ ಸಾಹೇಬರು. "ಅದು ಬರೋತನಕ ಏಳಬ್ಯಾಡ್ರಿ ರೇಣುಕಾ." ಎತ್ತ ಹೋಗಲಿ ಹೇಳಿ? ನೀರು ಕುಡಿಯಲು ಏಳುವುದಕ್ಕೂ ಹೆದರಿಕೆ.

ಹೊನ್ನಾಳಿಯಲ್ಲೂ ಇಂಥದೇ ಕಂಪ್ಯೂಟರ್ ಇದೆಯಲ್ಲ, ಅಲ್ಲಿನ ಶಂಕ್ರಣ್ಣನಿಗೆ ಫೋನ್ ಹಚ್ಚಿದೆ. "ಫ್ಲಾಪಿ ಖಾಲಿ ಇಲ್ಲ ಕಣಮ್ಮ. ಹಳೇದ್ರಾಗೆ ಮಾಹಿತಿ ಇಟ್ಟ ಜಾಗಕ್ಕೆ ಒಂದು ಹೆಸರು ಇತ್ತಲ್ಲ, ಹೊಸದ್ರಾಗೂ ಅದೇ ಹೆಸರು ಹುಡುಕ್ತೈತೆ. ಮೊದ್ಲು ಆ ಹೆಸರಿನ ಜಾಗ ಮಾಡಿ, ಆಮೇಲೆ ಹಾಕು" ಎಂದ. ನಾಲೆ, ನೀರು, ಪಾಳಿ ಎಂದೆಲ್ಲ ಹಾಕಿ ನೋಡಿದೆ. ಯಾವುದೂ ಅಲ್ಲ.

ಆಗ ನಿಮ್ಮ ಬೆರಳುಗಳು ಕಣ್ಣಿಗೆ ಕಟ್ಟಿದವು. ದಿನವೂ ನೀವು ಮೊದಲು ಒತ್ತುತ್ತಿದ್ದದ್ದು ಉಬ್ರಾಣಿ ಎಂದಲ್ಲವೇ? ಇದೇನಕ್ಕ ಎಂದು ನಾನು ನಕ್ಕಾಗ, "ತವರಿಗೆ ಹೋಗಾಕಂತೂ ರಜಾ ಕೊಡಲ್ಲ. ದಿನಾ ಹಿಂಗಾದ್ರೂ ಹೋಗಿ ಬರ್ತೀನಿ" ಅಂದಿದ್ದಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಟೈಪ್ ಮಾಡಿದೆ. ಫ್ಲಾಪಿ ಗಿರಗುಟ್ಟಿತು. ಒಂದೊಂದೇ ಊರಿನ ಹೆಸರು ತೆರೆಯ ಮೇಲೆ ಇಳಿಯತೊಡಗಿತು. ನಾನು ಅತ್ತದ್ದು ಯಾಕೆಂದು ಸಾಹೇಬರಿಗೆ ತಿಳಿಯಲಿಲ್ಲ.

ಕೆರೆಬಿಳಚಿಗೆ ನೀರು ಹೋಯಿತಕ್ಕ. ನನಗೆ ಮಾತ್ರ ದಾರಿ ಮುಚ್ಚಿತು. ಬಿಳಿಚೋಡಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗಳಿಗೆ ದಡಾರ ಎದ್ದಿದೆ, ನಾಲ್ಕು ದಿನ ರಜೆ ಕೊಡಿ ಎಂದರೆ ಸಾಹೇಬರು ನಗುತ್ತಾರೆ. "ಇನ್ನು ನಿಮ್ಮನ್ನ ಬಿಟ್ಟಂಗೇ ಆಯ್ತು."

ಅದಕ್ಕೇ ಟೈಪಿಸ್ಟ್ ಸರೋಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದೆ. ನಿನ್ನೆ ನನ್ನನ್ನು ಏನೂ ಕೇಳದೆ ಅವಳೇ ನಕಲು ತೆಗೆದಳು, ಅವಳೇ ಮರಳಿಸಿದಳು. ನಾಳೆ ಇಬ್ಬರೂ ಸಾಹೇಬರ ಮುಂದೆ ನಿಲ್ಲುತ್ತೇವೆ. ರಜೆ ಕೊಟ್ಟರೆ ಮಗಳ ಊರಿಗೆ ಹೋಗುವ ಜಗಳೂರಿನ ಬಸ್ಸು ಹತ್ತುತ್ತೇನೆ. ಕೊಡದಿದ್ದರೂ, ಅಕ್ಕ, ಹತ್ತುತ್ತೇನೆ.

ನಿಮ್ಮ
ರೇಣುಕಾ