ರಸ್ತೆಗೆ ಹರವಿದ ಹುರುಳಿ

ನನ್ನಪ್ಪನಿಗೆ,

ಆ ಬೆಳಿಗ್ಗೆ ಅಗರದ ನಮ್ಮ ಮನೆ ಮುಂದಿನ ಟಾರು ರಸ್ತೆಗೆ ಹುರುಳಿ ಗಿಡ ಹರವಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆಯಲ್ಲ, ಅದೇ ಕಣ್ಣಿಗೆ ಕಟ್ಟಿದೆ. ಮೊದಲ ಕಾರು ಚರಚರ ಎಂದು ಅದರ ಮೇಲೆ ಹಾದುಹೋದಾಗ ನೀನು ಅವ್ವನಿಗೆ ಹೇಳಿದ್ದೆ: “ನೋಡ್ದಾ? ಕೂಲಿ ಇಲ್ದೆ ಒಕ್ಕಣೆ ಆಯ್ತದೆ.” ಎಷ್ಟು ಖುಷಿ ನಿನಗೆ! ಸಂಜೆ ಯಳಂದೂರಿನಿಂದ ಬೈಕಿನಲ್ಲಿ ಬರುವಾಗ, ಎದುರಿನ ಕಬ್ಬಿನ ಟ್ರ್ಯಾಕ್ಟರಿಗೆ ಜಾಗ ಬಿಡಲು ನೀನು ಬೈಕನ್ನು ಅಂಚಿನಲ್ಲಿದ್ದ ಅದೇ ಹುರುಳಿಯ ಮೇಲೆ ತಿರುಗಿಸಿದೆ. ಉದುರಿದ ಕಾಳಿನ ಮೇಲೆ ಚಕ್ರ ಜಾರಿತು. ತಲೆಗೆ ಹೆಲ್ಮೆಟ್ಟಿತ್ತು. ಎದೆಗೆ ಏನಿತ್ತಪ್ಪಾ?

ತಿಥಿಯ ದಿನ ಬಂದವರೆಲ್ಲರದ್ದೂ ಒಂದೇ ಮಾತು. “ಕಾರಾಗಿದ್ರೆ ಏನೂ ಆಯ್ತಿರ್ನಿಲ್ಲ ಕಣವ್ವ.” ಹೌದು, ಬೆಳಿಗ್ಗೆಯಿಂದ ಎಷ್ಟು ಕಾರು ಅದರ ಮೇಲೆ ಹೋದವು, ಯಾರಿಗೇನಾಯಿತು? ಅವ್ವ ಮಾತ್ರ, “ಒಂದಂಚ್ನಾದ್ರೂ ಗುಡ್ಸಿ ಬುಟ್ಟಿದ್ರೆ...” ಎಂದು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ನಮ್ಮ ಮನೆಯಲ್ಲಿ ಹುರುಳಿ ಬೇಯಲಿಲ್ಲ.

ನಾನು ಪಾಠ ಮಾಡುವ ಕೊಳ್ಳೇಗಾಲದ ಶಾಲೆಗೆ ಹೋಗಲು ನಿನ್ನ ಬೈಕು ತೆಗೆದ ದಿನ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳಿಗಾಗಿ ಒಂದು ಹಳೇ ಕಾರು ತಗೊಂಡೆ. ಸುತ್ತ ತಗಡು, ಎದೆಗೆ ಬೆಲ್ಟು. ಹುರುಳಿಯ ಮೇಲೆ ಬ್ರೇಕ್ ಒತ್ತಿದರೆ ಕಾರೂ ಜಾರುತ್ತದೆ, ಆದರೆ ಮಗುಚಿ ಬೀಳುವುದಿಲ್ಲ. ಮುಂದಿನ ಬೈಕಿನವನ ಬೆನ್ನು ನೋಡುತ್ತಾ ವೇಗ ತಗ್ಗಿಸುತ್ತೇನೆ. ನಾನು ಕ್ಷೇಮ, ಸರಿ. ಅವನು? ದಿನಾ ಇದನ್ನೇ ಯೋಚಿಸಿ ಸಾಕಾಗಿ ಹೋಗಿದೆ ಅಪ್ಪ.

ಈ ಸುಗ್ಗಿಯಲ್ಲೂ ಊರವರು ರಸ್ತೆಗೆ ಹುರುಳಿ ಹರವಿದ ದಿನ ಅವ್ವ ಪೊರಕೆ ಹಿಡಿದು ಹೊರಟಳು. ಎರಡೂ ಅಂಚಿಗೆ ಬೈಕಿನಗಲ ಗುಡಿಸತೊಡಗಿದಳು. ಪಕ್ಕದ ಮನೆಯ ಶಿವಣ್ಣ ರೇಗಿದ: “ಇದೇನವ್ವ, ನಮ್ ಕಾಳೆಲ್ಲ ಮಣ್ಗಾಕೀಯೆ?”

“ಕಾರ್ನೋರ್ಗೆ ನಾಕ್ ಚಕ್ರ ಅವೆ, ಓಯ್ತರೆ. ಬೈಕ್ನೋರು ಎತ್ತಗ್ ಓಗ್ಬೇಕ್ಲಾ ಶಿವ?”

ಅವ್ವ ಮರುದಿನವೂ ಹೋದಳು, ಅದರ ಮರುದಿನವೂ. ಸೊಂಟ ಹಿಡಿದುಕೊಂಡು ಬರುತ್ತಿದ್ದಳು. ಬೇಡ ಎನ್ನುವ ಶಕ್ತಿ ನನಗೆ ಇರಲಿಲ್ಲ.

ಮೊನ್ನೆ ಭಾನುವಾರ ಹೋದವಳು ಬೇಗನೆ ವಾಪಸಾದಳು. ಶಿವಣ್ಣ ಗಿಡ ಹರವುವಾಗಲೇ ಎರಡೂ ಅಂಚು ಬಿಟ್ಟಿದ್ದನಂತೆ. ಅವ್ವ ಪೊರಕೆಯನ್ನು ಮೂಲೆಗಿಟ್ಟು, ಅವನು ಕೊಟ್ಟ ಒಂದು ಮೊರ ಕಾಳನ್ನು ಹಸನು ಮಾಡುತ್ತಾ ಕೂತಳು. ಮಧ್ಯಾಹ್ನ ನನ್ನ ತಟ್ಟೆಗೆ ಮುದ್ದೆಯಿಟ್ಟು ಹುರುಳಿಸಾರು ಬಿಟ್ಟಳು. ನೀನು ಹೋದ ಮೇಲೆ ಇದೇ ಮೊದಲು. ಉಪ್ಪು ಜಾಸ್ತಿಯಾಗಿತ್ತಪ್ಪ. ಆದರೂ ಇನ್ನೊಂದು ಸಲ ಬಡಿಸಿಕೊಂಡೆ.

ನಿನ್ನ ಮಗಳು