ಮೇ ತಿಂಗಳಲ್ಲಿ ತೊಳೆದ ದೋಣಿ

ಕಮಾಲಿಗ್, ಅಲ್ಬಾಯ್
ಅಕ್ಟೋಬರ್ 12

ಪ್ರೀತಿಯ ಸೆಲ್ಮೊ,

ಇದನ್ನು ಬಾಗಿಲಲ್ಲಿ ನಿಂತು ಓದಬೇಡ. ಊಟ ಮುಗಿಸಿ, ಕೂತು ಓದು. ಫೋನಿನಲ್ಲೇ ಹೇಳಿಬಿಡಬೇಕೆಂದು ಮೂರು ಭಾನುವಾರ ಹೊರಟೆ. ಮೂರು ಸಲವೂ ನಿನ್ನ ದನಿ ಕೇಳಿದ ಕೂಡಲೇ ಧೈರ್ಯ ಉಡುಗಿ, ಅಕ್ಕನ ಊರು ನಾಗಾದಲ್ಲಿ ಮಳೆ ಹೇಗಿದೆ, ಒಳ್ಳೆಯ ಒಣಮೀನು ಸಿಗುತ್ತದೆಯೇ ಎಂದು ಕೇಳಿ ಇಟ್ಟುಬಿಟ್ಟೆ.

ಮೊದಲು ಮನೆಯ ಸುದ್ದಿ. ಅದು ಬರೆಯಲು ಸುಲಭ. ಅಡುಗೆಮನೆಯ ಬಾಗಿಲ ಹಿಂದೆ ನೀನು ಅಂಟಿಸಿರುವ ಪಟ್ಟಿಯಲ್ಲಿ ಅಕ್ಟೋಬರ್‌ಗೆ ಬರೆದಿರುವುದನ್ನೆಲ್ಲ ಒಂದೊಂದಾಗಿ ಮಾಡುತ್ತಿದ್ದೇನೆ. ಕಂಬಗಳ ಬುಡವನ್ನು ಸುತ್ತಿಗೆಯಿಂದ ಬಡಿದು ನೋಡಿದೆ. ಮೆಟ್ಟಿಲ ಕೆಳಗಿನ ಕಂಬಕ್ಕೆ ಗೆದ್ದಲು ಹತ್ತಿತ್ತು, ಕೆರೆದು ಸೀಮೆಎಣ್ಣೆ ಹಚ್ಚಿದ್ದೇನೆ. ಗಾಜಿನ ಬದಲು ಕಡಲಚಿಪ್ಪು ಕೂರಿಸಿದ ಕಿಟಕಿಗಳನ್ನು ತೊಳೆಯುವಾಗ ಒಂದು ಚಿಪ್ಪು ಒಡೆಯಿತು. ನೀನಿದ್ದರೆ ಒಡೆಯುತ್ತಿರಲಿಲ್ಲ. ತೆಂಗಿನ ಸಿಪ್ಪೆ ಕಾಲಡಿ ಇಟ್ಟುಕೊಂಡು ನೆಲಕ್ಕೆ ಮೇಣ ಉಜ್ಜಿದೆ. ನಾವಿಬ್ಬರೂ ಎದುರುಬದುರು ಕುಣಿದ ಹಾಗೆ ಉಜ್ಜಿದರೆ ಒಂದು ಗಂಟೆಯ ಕೆಲಸ. ಒಬ್ಬಳೇ ಮಾಡಿದರೆ ಬೆಳಗೆಲ್ಲ ಹಿಡಿಯುತ್ತದೆ, ಸೊಂಟ ಬೇರೆ ಬಿದ್ದುಹೋಗುತ್ತದೆ. ನವೆಂಬರಿನ ಬಿರುಗಾಳಿಗೆ ಮುಂಚೆ ಸೂರನ್ನು ಯಾರಾದರೂ ನೋಡಬೇಕಲ್ಲ, ಅದಕ್ಕೆ ತಗಡು ಹೊದಿಸುವ ಗೋರಿಯೊನನ್ನು ಕರೆಸಿದ್ದೆ. ಅವನು ಅಂದದ್ದನ್ನು ಮುಂದೆ ಬರೆಯುತ್ತೇನೆ.

ಸೆಲ್ಮೊ, ಮೇ ತಿಂಗಳಲ್ಲಿ ನೀನು ದೋಣಿಯನ್ನು ತೊಳೆದಿದ್ದೆ. ನಡುಮನೆಯ ಸೂರೂ ಅಡುಗೆಮನೆಯ ಸೂರೂ ಕೂಡುವಲ್ಲಿ ಮಳೆನೀರು ಹರಿಯುವ ಆ ತಗಡಿನ ದೋಣಿಯನ್ನು ಎರಡು ದಿನ ತೊಳೆದಿದ್ದೆ. ಎಲೆ, ಜ್ವಾಲಾಮುಖಿಯ ಬೂದಿಮಣ್ಣು ಎಲ್ಲವನ್ನೂ ತೆಂಗಿನ ಚಿಪ್ಪಿನಿಂದ ಬಾಚಿ ಕೆಳಗೆ ಹಾಕಿದೆ. ಸಂದುಗಳಿಗೆ ಡಾಂಬರು ಬಳಿದೆ. ಕೊನೆಗೆ ಒಂದು ಬಕೆಟ್ ನೀರು ಸುರಿದು, ಹಿತ್ತಿಲಲ್ಲಿ ಕೊಳವೆಯ ಹತ್ತಿರ ನನ್ನನ್ನು ನಿಲ್ಲಿಸಿ, ನೀರು ಬಂತಾ ಎಂದು ಕೂಗಿದೆ. ಬಂತು ಎಂದು ನಾನೇ ಕೂಗಿದೆ. ನನ್ನ ಚಪ್ಪಲಿಯೆಲ್ಲ ಒದ್ದೆಯಾಯಿತು. ಇದೆಲ್ಲ ನಡೆದಿತ್ತು. ನಿನಗೆ ಸರಿಯಾಗಿಯೇ ನೆನಪಿತ್ತು.

ಮುಂದಿನದು ನಿನಗೆ ಗೊತ್ತಿಲ್ಲ. ನಮ್ಮ ಮದುವೆಯ ನಲವತ್ತನೇ ವರ್ಷದ ಊಟಕ್ಕೆಂದು ನಾನು ಹಿತ್ತಿಲ ಗೋಡೆಗೆ ಬಣ್ಣ ಬಳಿಯುತ್ತಿದ್ದೆನಲ್ಲ, ಆಗ ಒಂದು ಮಧ್ಯಾಹ್ನ ಸಣ್ಣಗೆ ಹನಿಯಿತು. ಕೊಳವೆಯ ನೀರು ಸಿಡಿದು ಹಸಿ ಬಣ್ಣವೆಲ್ಲ ಗೆರೆಗೆರೆಯಾಗತೊಡಗಿತು. ನೀನು ಪೇಟೆಗೆ ಹೋಗಿದ್ದೆ. ಕಳೆದ ವರ್ಷ ನನಗೆ ತಲೆಸುತ್ತು ಬಂದಂದಿನಿಂದ ಏಣಿ ಮುಟ್ಟಬಾರದೆಂದು ನೀನು ಕಟ್ಟಪ್ಪಣೆ ಮಾಡಿದ್ದೆ. ಆದರೂ ಹತ್ತಿದೆ. ಹಳೆಯ ಟವೆಲೊಂದನ್ನು ಉಂಡೆ ಮಾಡಿ ದೋಣಿಯ ಬಾಯಿಗೆ, ನೀರು ಕೊಳವೆಗೆ ಇಳಿಯುವ ಕಡೆ, ಬಿಗಿಯಾಗಿ ತುರುಕಿದೆ. ಬಣ್ಣ ಒಣಗಿದ ಮೇಲೆ ತೆಗೆದರಾಯಿತು ಅಂದುಕೊಂಡೆ. ಹತ್ತಿದ್ದು ಗೊತ್ತಾದರೆ ಬೈಯುತ್ತೀಯೆಂದು ನಿನಗೆ ಹೇಳಲಿಲ್ಲ. ಆಮೇಲೆ ಮರೆತೆ. ಮರೆತವಳು ನಾನು.

ಜೂನಿನ ಆ ಊಟದ ದಿನ ಏನಾಯಿತೆಂದು ನಿನಗೆ ಬರೆಯಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಾನು ಆಡಿದ ಮಾತನ್ನು ನನ್ನ ಕೈಯಲ್ಲೇ ಬರೆಯಬೇಕು. ಚರ್ಚಿನ ಹಾಡುಗಾರರೆಲ್ಲ ಕೂತಿದ್ದರು, ನಿನ್ನ ಅಕ್ಕ ಪುರಿಂಗ್ ನಾಗಾದಿಂದ ಬಂದಿದ್ದಳು. ಮಳೆ ಸುರಿಯತೊಡಗಿ ಅರ್ಧ ಗಂಟೆಗೆ ಮಾಳಿಗೆಯ ಹಲಗೆ ಉಬ್ಬಿ, ಮೊದಲು ಹನಿ, ಆಮೇಲೆ ಧಾರೆ, ಕೊನೆಗೆ ಹಲಗೆಯೇ ಕಳಚಿ ಮೇಜಿನ ಮೇಲೆ ಬಿತ್ತು. ಶಾವಿಗೆ, ಹಂದಿಮಾಂಸ, ಕೇಕು ಎಲ್ಲವೂ ಕೆಸರಾಯಿತು. ಹಲಗೆಯ ತುದಿ ಪುರಿಂಗ್ ಭುಜಕ್ಕೆ ಬಡಿಯಿತು. ನಾನು ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದೆ.

"ದೋಣಿ ತೊಳೆದೆ ತೊಳೆದೆ ಅಂತಿದ್ಯಲ್ಲ, ಇದೇನಾ ತೊಳೆದಿದ್ದು?"

"ತೊಳೆದಿದ್ದೆ ಕಣೇ ಮಿನ್ಯಾ," ಅಂದೆ ನೀನು. "ನೀನೇ ಕೆಳಗೆ ನಿಂತು ನೀರು ಬಂತು ಅಂದ್ಯಲ್ಲ."

"ನಾನು ನಿಂತಿದ್ದು ಹೋದ ವರ್ಷ," ಅಂದೆ ನಾನು. "ಈ ವರ್ಷ ನೀನು ಹತ್ತಲೇ ಇಲ್ಲ."

ಪುರಿಂಗ್ ತಮಾಷೆಗೇ ಅಂದಳು, ಭುಜ ತಿಕ್ಕಿಕೊಳ್ಳುತ್ತ: "ಅಪ್ಪನ ದಾರಿ ಹಿಡಿದ್ಯೇನೋ ತಮ್ಮಾ? ನಾಳೆ ನೀನೂ ಬೂಟು ಹಾಕ್ಕೊಂಡು ಸ್ಟೇಷನ್ನಿಗೆ ಹೊರಡ್ತೀಯ ನೋಡು." ಒಂದಿಬ್ಬರು ನಕ್ಕರು. ಮರೆವಿನ ರೋಗ ಹತ್ತಿದ ಮೇಲೆ ನಿಮ್ಮ ಅಪ್ಪ, ಎಂದೋ ಓಡಾಟ ನಿಂತುಹೋದ ರೈಲನ್ನು ಹಿಡಿಯಲು ದಿನಾ ಹೊರಡುತ್ತಿದ್ದದ್ದು, ನೀನು ಹಿಂದೆ ಓಡಿ ಕೈಹಿಡಿದು ಕರೆತರುತ್ತಿದ್ದದ್ದು ಊರಿಗೇ ಗೊತ್ತಿತ್ತು. ನಿನ್ನ ಮುಖ ಬಿಳಚಿಕೊಂಡಿತು. ಮಳೆಯಲ್ಲೇ ಸೂರು ಹತ್ತಿ ನೋಡಿಬರುತ್ತೇನೆಂದು ನೀನು ಎದ್ದೆ. ಪುರಿಂಗ್ ಬಿಡಲಿಲ್ಲ, ಏಣಿಯನ್ನು ಉಗ್ರಾಣಕ್ಕೆ ಹಾಕಿಸಿ ಬೀಗದ ಕೈಯನ್ನು ನನಗೆ ಕೊಟ್ಟಳು.

ಮರುದಿನ ನೀನು ಚರ್ಚಿಗೆ ಹೋದಾಗ ನನಗೆ ಟವೆಲಿನ ನೆನಪಾಯಿತು. ಏಣಿ ತೆಗೆದು ಹತ್ತಿದೆ. ಅದು ಅಲ್ಲೇ ಇತ್ತು, ನೀರು ಕುಡಿದು ಊದಿಕೊಂಡು. ಎಳೆದು ತೆಗೆದೆ, ಕಸದ ಜೊತೆ ಸುಟ್ಟೆ. ನೀನು ಬಂದ ಮೇಲೆ, ದೋಣಿ ತುಂಬ ಕೊಳೆತ ಎಲೆಯಿತ್ತು, ಬಾಚಿ ಹಾಕಿದೆ ಎಂದೆ. ನೀನು ತಲೆಯಾಡಿಸಿದೆ. ನಾನು ಏಣಿ ಹತ್ತಿದ್ದಕ್ಕೆ ಬೈಯಲೂ ಇಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದೆರಡು ದಿನ ಮುನಿಸಿಕೊಂಡು ಸರಿಹೋಗುತ್ತೀಯೆಂದು. ಆದರೆ ನೀನು ಮುನಿಸಿಕೊಳ್ಳಲಿಲ್ಲ, ಹೆದರಿದೆ. ಒಲೆ ಆರಿಸಿದ್ದನ್ನು ಚೀಟಿಯಲ್ಲಿ ಬರೆದಿಡತೊಡಗಿದೆ. ಬಾಗಿಲು ಹಾಕಿ ಗೇಟಿನವರೆಗೆ ಹೋದವನು ತಿರುಗಿ ಬಂದು ಎಳೆದು ನೋಡುತ್ತಿದ್ದೆ. ಒಂದು ದಿನ ತಲೆಗೂದಲು ಒದ್ದೆಯಿರುವಾಗಲೇ ಮೆಲ್ಲಗೆ ಕೇಳಿದೆ: "ಮಿನ್ಯಾ, ನಾನು ಇವತ್ತು ಸ್ನಾನ ಮಾಡಿದ್ನಾ?" ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ತಲೆ ಒರೆಸಿಕೊ, ಶೀತವಾಗುತ್ತದೆ ಎಂದೆ.

ದಿನ ಕಳೆದಂತೆ ಹೇಳುವುದು ಕಷ್ಟವಾಯಿತು. ಮೊದಲ ದಿನ ಹೇಳಿದ್ದರೆ ಬರೀ ಒಂದು ಟವೆಲಿನ ವಿಷಯ. ಆಗಸ್ಟಿನ ಹೊತ್ತಿಗೆ ನಾನು ನಿನಗೆ ಮಾಡಿದ್ದರ ವಿಷಯವಾಗಿತ್ತು. ದೊಡ್ಡ ಡಾಕ್ಟರಿಗೆ ತೋರಿಸುವ ನೆಪದಲ್ಲಿ ಅಕ್ಕನ ಮನೆಗೆ ಹೊರಟಾಗ ನೀನು ಅಂದದ್ದು ನೆನಪಿದೆಯೇ? ಅಪ್ಪನನ್ನು ಅಮ್ಮ ಹೇಗೆ ನೋಡಿಕೊಂಡಳೆಂದು ನಾನು ನೋಡಿದ್ದೇನೆ, ಆ ಪಾಡು ನಿನಗೆ ಬೇಡ, ನಾನು ಅಲ್ಲೇ ಇರುತ್ತೇನೆ ಅಂದೆ. ನಾನು ನಿನ್ನ ಅಂಗಿಗಳನ್ನು ಇಸ್ತ್ರಿ ಮಾಡಿ ಪೆಟ್ಟಿಗೆಗೆ ಇಟ್ಟೆ. ಏಳು ಅಂಗಿ. ಏಳನೆಯದನ್ನು ಮಡಿಸುವ ತನಕವೂ ಹೇಳಲು ಸಮಯವಿತ್ತು.

ಮೊನ್ನೆ ಗೋರಿಯೊ ಮೇಲೆ ಹತ್ತಿ ಬಹಳ ಹೊತ್ತು ಇಳಿಯಲಿಲ್ಲ. ಕೆಳಗೆ ಬಂದವನು ದೋಣಿಗೆ ಡಾಂಬರು ಹಾಕಿದ್ದು ಯಾರೆಂದು ಕೇಳಿದ. ನನ್ನ ಗಂಡ, ಈ ಮೇ ತಿಂಗಳಲ್ಲಿ ಎಂದೆ. ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂತು. "ಒಂದು ಮೊಳೆನೂ ಬಿಟ್ಟಿಲ್ಲ ಅಮ್ಮಾ," ಅಂದ. "ನನಗೆ ಇಲ್ಲಿ ಕೆಲಸವೇ ಇಲ್ಲ. ಆ ಸಲ ಮಾಳಿಗೆ ಬಿದ್ದಿದ್ದು ಯಾಕೋ ನಂಗಂತೂ ಗೊತ್ತಾಗ್ತಿಲ್ಲ." ನಾನು ಅವನಿಗೆ ಕಾಫಿ ತರುವ ನೆವದಲ್ಲಿ ಒಳಗೆ ಹೋಗಿ ನೀರಿನ ಹಂಡೆಯ ಪಕ್ಕ ನಿಂತುಬಿಟ್ಟೆ.

ಅದೇ ಸಂಜೆ ಪುರಿಂಗ್ ಫೋನ್ ಮಾಡಿದಳು. ಡಾಕ್ಟರು ಎರಡು ಸಲ ನೋಡಿ ಏನೂ ಇಲ್ಲ ಅಂದರೂ ನೀನು ನಂಬುತ್ತಿಲ್ಲವಂತೆ. ಬಟ್ಟೆ ಒಗೆಯುವಾಗ ನಿನ್ನ ಅಂಗಿಯ ಜೇಬಿನಲ್ಲಿ ಅವಳಿಗೊಂದು ಚೀಟಿ ಸಿಕ್ಕಿತಂತೆ. ಅದರಲ್ಲಿ ನಿನ್ನ ಹೆಸರು, ಅವಳ ಮನೆಯ ವಿಳಾಸ, ಕೆಳಗೆ 'ದಯವಿಟ್ಟು ಇಲ್ಲಿಗೆ ತಲುಪಿಸಿ' ಎಂದು ಬರೆದಿತ್ತಂತೆ. ಓದಿ ಹೇಳುತ್ತ ಅವಳು ಅತ್ತಳು. ಆ ದಿನದ ತಮಾಷೆಗೆ ತನ್ನನ್ನೇ ಶಪಿಸಿಕೊಂಡಳು. ಆಗಲೂ ನಾನು ಅವಳನ್ನು ಸಮಾಧಾನ ಮಾಡಿದೆನೇ ಹೊರತು ನಿಜ ಹೇಳಲಿಲ್ಲ.

ಈಗ ಹೇಳುತ್ತಿದ್ದೇನೆ. ನಿನಗೆ ಏನೂ ಆಗಿಲ್ಲ ಸೆಲ್ಮೊ. ನಿನ್ನ ನೆನಪು ಸರಿಯಾಗಿದೆ. ಆ ಚೀಟಿಯನ್ನು ಹರಿದು ಹಾಕು. ಈ ಕಾಗದವನ್ನು ಪುರಿಂಗ್‌ಗೂ ಓದಿ ಹೇಳು, ನನ್ನ ಮರ್ಯಾದೆ ಉಳಿಸಲು ಒಂದು ಸಾಲನ್ನೂ ಬಿಡಬೇಡ. ನಿನ್ನೆ ಹಾಡುಗಾರರ ಅಭ್ಯಾಸ ಮುಗಿದ ಮೇಲೆ ಆ ದಿನ ಬಂದಿದ್ದವರೆಲ್ಲರ ಮುಂದೆ ನಿಂತು ಹೇಳಿದ್ದೇನೆ. ಒಬ್ಬೊಬ್ಬರಾಗಿ ಹಾಡಿನ ಪುಸ್ತಕ ಮುಚ್ಚಿ ಹೊರಟುಹೋದರು. ಅದು ನನಗೆ ಸಲ್ಲಬೇಕಾದದ್ದೇ.

ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ ಮನೆ ಚೊಕ್ಕಟವಾಗಿದೆ, ಬಾರದಿದ್ದರೂ ಹಾಗೆಯೇ ಇಟ್ಟುಕೊಂಡಿರುತ್ತೇನೆ. ಉಗ್ರಾಣದ ಬೀಗದ ಕೈಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅದು ನಿನ್ನದು.

ನಿನ್ನ ಹೆಂಡತಿ ಎಂದು ಬರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ಆದರೂ,
ನಿನ್ನ ಹೆರ್ಮಿನಿಯಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಟವೆಲು ಮರುದಿನ ನೆನಪಾಯಿತೆಂದು ಬರೆದಿದ್ದೇನಲ್ಲ, ಅದು ಸುಳ್ಳು. ಮೊದಲ ಹನಿ ಮೇಜಿನ ಮೇಲೆ ಬಿದ್ದಾಗಲೇ ನೆನಪಾಗಿತ್ತು. ತಲೆಯೆತ್ತಿ ಮಾಳಿಗೆ ನೋಡಿದೆ, ಎಲ್ಲವೂ ಗೊತ್ತಾಯಿತು. ಯಾರಾದರೂ ನನ್ನನ್ನು ಕೇಳುವ ಮುಂಚೆ ನಾನು ನಿನ್ನ ಕಡೆ ತಿರುಗಿ ಕೂಗಿದೆ. ಹಾಡುಗಾರರಿಗೂ ನಾನು ಇಷ್ಟು ಹೇಳಿಲ್ಲ. ಆ ಸಾಲನ್ನು ಹೊಡೆದುಹಾಕಿ ಹೊಸ ಕಾಗದದಲ್ಲಿ ಬರೆಯೋಣವೆಂದುಕೊಂಡೆ. ನಾನು ಇವತ್ತು ಕೂಡ ಎಷ್ಟರ ಮಟ್ಟಿಗೆ ಸುಳ್ಳು ಹೇಳಬಲ್ಲೆನೆಂದು ನಿನಗೆ ತಿಳಿಯಲಿ ಎಂದು ಹಾಗೇ ಬಿಟ್ಟಿದ್ದೇನೆ.