ಬಚ್ಚಲಿಗೆ ಎರಡು ಕಚ್ಚು

ಮಾರ್ಚ್ 4

ಹಳೆಯ ಟೈಲ್ಸ್ ಪೂರ್ತಿ ಎದ್ದವು. ಕೆಳಗೆ ನೆಲ ಗಟ್ಟಿ ಇದೆ, ಪುಣ್ಯ. ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಮರದ ಪಟ್ಟಿ ಹೊಡೆದಿದ್ದರು. ತುಂಡು ತುಂಡು, ಒಂದೊಂದಕ್ಕೂ ಒಂದೊಂದು ಬಣ್ಣ, ಅಲ್ಲಲ್ಲಿ ಕೊರೆದ ಕಚ್ಚು ಬೇರೆ. ಬಡಗಿಗೆ ಹೇಳಿ ಕೀಳಿಸಿದೆ. ಮನೆ ಒಮ್ಮೆಗೇ ಅಗಲವಾದಂತಾಯಿತು. ತಂಗಿಗೆ ಫೋಟೊ ಕಳಿಸಿದೆ. "ಈಗ ಮಾರೋ ಮನೆ ಥರ ಕಾಣ್ತಿದೆ ನೋಡಕ್ಕ" ಎಂದಳು. ಹಳೇ ಮನೆ ಹುಡುಕಿ ಕೊಳ್ಳುವುದು, ಕೊನೆಗೆ ಮಾರುವುದು ಅವಳ ಪಾಲು. ಮಧ್ಯದ ಧೂಳೆಲ್ಲ ನನ್ನದು.

ಮನೆ ಮಾರಿದವರು ಹಿಂದಿನ ಕೋಣೆಯಲ್ಲೇ ಇದ್ದಾರೆ. ತಿಂಗಳ ಕೊನೆಯವರೆಗೆ ಎಂದು ಮಾತಾಗಿದೆ. ಹೊಲಿಗೆ ಮಾಡುತ್ತಿದ್ದವರು, ಬೀದಿಗೆಲ್ಲ ಟೈಲರಮ್ಮ. ಗಂಡ ಹೋದ ಮೇಲೆ ಒಬ್ಬರೇ. ಇಲ್ಲಿಂದ ಅಣ್ಣನ ಮಗಳ ಮನೆಗೆ. ಆ ಹುಡುಗಿ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಮೊನ್ನೆ ನನ್ನನ್ನು ಹೊರಗೆ ಕರೆದು, "ಅತ್ತೆ ಅವರಷ್ಟಕ್ಕೆ ಓಡಾಡ್ಕೊಂಡಿದ್ರೆ ನನ್ನ ಹತ್ರಾನೇ ಇಟ್ಕೋತೀನಿ ಆಂಟಿ. ಆಗ್ದಿದ್ರೆ ವೃದ್ಧಾಶ್ರಮನೇ ಗತಿ. ಹಗಲೆಲ್ಲ ಯಾರು ನೋಡ್ಕೋತಾರೆ?" ಎಂದಳು. ಕೈಗೇ ಸರಿಯಾಗಿ ಚಹಾ ತಂದುಕೊಡುವ ಹೆಂಗಸು, ಓಡಾಡದೆ ಏನು — ಎಂದುಕೊಂಡೆ.

ಮಾರ್ಚ್ 6

ಟೈಲರಮ್ಮ ಕೋಣೆ ಬಿಟ್ಟು ಬರುತ್ತಿಲ್ಲ. ಚಹಾ ಇಲ್ಲ. ಬಚ್ಚಲಲ್ಲಿ ತುಂಬಿಟ್ಟ ನೀರೂ ಹಾಗೇ ಇದೆ. ಮನೆ ಕೈಬಿಟ್ಟ ಸಂಕಟ ಇರಬೇಕು. ಕೆದಕಲಿಲ್ಲ.

ಮಾರ್ಚ್ 9

ನಿನ್ನೆ ಸಂಜೆ ಎರಡನೇ ಕೋಟ್ ಮುಗಿದಿತ್ತು. ಇವತ್ತು ನೋಡಿದರೆ ಗೋಡೆಯುದ್ದಕ್ಕೂ ಅಂಗೈ ಗುರುತು. ಪೇಂಟರ್ ಕುದಿದುಹೋದ.

"ನಾನು ಬಳಿಯೋದು, ಇನ್ಯಾರೋ ಸಹಿ ಹಾಕೋದು."

"ಪಕ್ಕದ ಮನೆ ಮಕ್ಕಳಿರಬೇಕು, ಬಿಡಪ್ಪ."

"ಮಕ್ಕಳ ಕೈ ಇಷ್ಟಗಲ ಇದ್ರೆ ಅವ್ರನ್ನೇ ಕೆಲಸಕ್ಕೆ ಕರೀರಮ್ಮ."

ಗುರುತು ಬಚ್ಚಲ ಬಾಗಿಲ ಹತ್ತಿರ ತಡಕಾಡಿ, ಅದನ್ನು ದಾಟಿ, ಮೂಲೆಯಲ್ಲಿ ನಿಂತಿತ್ತು. ಹಿಂದಿನ ಕೋಣೆಗೆ ಹೋದೆ. ಟೈಲರಮ್ಮನ ಅಂಗೈ ತುಂಬ ಕೆನೆಬಣ್ಣ. ಮೊಣಕಾಲು ತರಚಿತ್ತು.

ಕಣ್ಣು ಮಂದ ಎಂದು ಗೊತ್ತಿತ್ತು. ಬೆಳಕು ಬಿಟ್ಟು ಬೇರೇನೂ ಕಾಣದು ಎಂದು ಗೊತ್ತಿರಲಿಲ್ಲ. ಯಾರಿಗೂ ಹೇಳಿಲ್ಲವಂತೆ. ಕಣ್ಣು ಹೋಗತೊಡಗಿದಾಗ ಗಂಡ ಹಳೇ ಮಂಚ, ಬಟ್ಟೆ ಕತ್ತರಿಸುವ ಮೇಜು ಎಲ್ಲ ಸೀಳಿ ಆ ಪಟ್ಟಿ ಹೊಡೆದದ್ದು. ಅಡುಗೆಮನೆಗೆ ಒಂದು ಕಚ್ಚು, ಬಚ್ಚಲಿಗೆ ಎರಡು, ಬೀದಿ ಬಾಗಿಲಿಗೆ ಮೂರು.

"ಕೀಳುವಾಗ ಒಂದು ಮಾತು ಹೇಳಬಾರದಿತ್ತಾ?"

"ಮನೆ ನಿಮ್ಮದಾಯ್ತಲ್ಲಮ್ಮ. ಬೇಡ ಅನ್ನೋಕೆ ನಾನ್ಯಾರು?" ಸೀರೆ ಎಳೆದು ಮೊಣಕಾಲು ಮುಚ್ಚಿಕೊಂಡು, "ನಮ್ಮ ಹುಡುಗಿಗೆ ಹೇಳ್ಬೇಡಿ. ಬಚ್ಚಲಿಗಾದ್ರೂ ನಾನೇ ಹೋಗಿ ಬಂದ್ರೆ ಸಾಕು ನಂಗೆ."

ಗೋಡೆ ತಟ್ಟಿದರೆ ಟೊಳ್ಳೋ ಗಟ್ಟಿಯೋ ಹೇಳುವವಳು ನಾನು. ಇದೊಂದು ಮಾತ್ರ...

ಮಾರ್ಚ್ 10

ಬಡಗಿ ಅರ್ಧ ಪಟ್ಟಿಯನ್ನು ಕೊಯ್ದು ಬೆಣೆ ಮಾಡಿಬಿಟ್ಟಿದ್ದ. ಉಳಿದದ್ದು ಅವನ ಗೋಣಿಚೀಲದಲ್ಲಿತ್ತು. ಕಡಿಮೆ ಬಿದ್ದಲ್ಲಿಗೆ ಹೊಸ ಮರದ ರೀಪು ತಂದೆ. ಟೈಲರಮ್ಮ ಒಂದೊಂದು ತುಂಡನ್ನೂ ಸವರಿ ಜಾಗ ಹೇಳಿದರು. "ಇದು ಮೇಜಿಂದು. ಕತ್ತರಿ ಬಿದ್ದ ಗಾಯ ನೋಡಿ." ಮೊಳೆ ಬೇಡ, ಸ್ಕ್ರೂ ಹಾಕು ಎಂದೆ. ಬಡಗಿ ಗೊಣಗಿದ. ಸಂಜೆ ಚಹಾ ಬಂತು. ಸಕ್ಕರೆ ಜಾಸ್ತಿ.

ಮಾರ್ಚ್ 17

ತಂಗಿ ಬಂದಳು.

"ತಲೆ ಕೆಟ್ಟಿದ್ಯಾ ನಿಂಗೆ? ಹೊಸ ಬಣ್ಣದ ಮೇಲೆ ಇದೇನಕ್ಕ, ಕೊಟ್ಟಿಗೆ ಥರ?"

ಹೇಳಿದೆ. ಪಟ್ಟಿಯುದ್ದಕ್ಕೂ ಬೆರಳು ಎಳೆದಳು. "ತಿಂಗಳು ಮುಗಿಯೋ ತನಕ ಗಿರಾಕಿನ ಕರ್ಕೊಂಡು ಬರಲ್ಲ. ಆಮೇಲೆ ಒಂದು ದಿನಾನೂ ಇದು ಇಲ್ಲಿರಬಾರದು." ಬೈಯುತ್ತಲೇ ಪಟ್ಟಿಯಲ್ಲಿ ಎದ್ದಿದ್ದ ಒಂದು ಸಿಬಿರನ್ನು ಉಗುರಿನಿಂದ ಕಿತ್ತು ಹೋದಳು.

ಮಾರ್ಚ್ 30

ಟೈಲರಮ್ಮ ಕೊನೆಗೆ ತಾವೇ ಫೋನ್ ಮಾಡಿ ಅಣ್ಣನ ಮಗಳಿಗೆ ಕಣ್ಣಿನ ವಿಷಯ ಹೇಳಿಬಿಟ್ಟರು. ಅವಳು "ಬಂದು ನಡೆದು ತೋರ್ಸಿ ಅತ್ತೆ, ನೋಡೋಣ" ಎಂದಳಂತೆ.

ಸ್ಕ್ರೂ ಬಿಚ್ಚಿ, ತುಂಡುಗಳ ಹಿಂದೆ ನಂಬರು ಬರೆದು, ಗಾಡಿಗೆ ಹಾಕಿಸಿ, ಅವಳ ಮನೆಯ ಗೋಡೆಗೆ ನಂಬರಿನ ಪ್ರಕಾರ ಕೂರಿಸಿದೆ. ಟೈಲರಮ್ಮ ಕೈಯಿಟ್ಟು ಹೊರಟರು. ಎರಡು ಕಚ್ಚು ಸಿಕ್ಕಿದ್ದೇ ಧೈರ್ಯವಾಗಿ ತಿರುಗಿದರು. ಬಟ್ಟೆ ಬೀರುವಿಗೆ ಹಣೆ ಬಡಿಯಿತು.

ಹಳೇ ಮನೆಯ ನಂಬರು. ಬಚ್ಚಲು ಇಲ್ಲಿ ಇನ್ನೂ ಆಚೆ. ಮನೆ ಮನೆಗೂ ಅಳತೆ ಹಿಡಿದು ಕೂದಲು ನೆರೆತವಳು, ಕಚ್ಚುಗಳೂ ಅಳತೆಯೇ ಎಂದು ಹೊಳೆಯಲೇ ಇಲ್ಲ. ಹುಡುಗಿಯ ಮುಖ ಸಣ್ಣಗಾಯಿತು.

ಟೈಲರಮ್ಮ ಬೀರುವಿನೊಳಗೆ ಕೈಯಾಡಿಸಿದರು. "ಇದ್ಯಾವ ಬಚ್ಚಲೇ ಹುಡುಗಿ, ಬಟ್ಟೆ ಇಸ್ತ್ರಿ ಆಗೇ ಬರ್ತವೆ." ಹುಡುಗಿ ನಕ್ಕಳು. ಕಣ್ಣು ಒರೆಸಿಕೊಂಡಳು. ಟೈಲರಮ್ಮ ನನ್ನತ್ತ ಕೈ ಚಾಚಿದರು. "ಮರ ಉಜ್ಜೋ ಅರ ಕೊಡಿ. ಜಾಗ ಅವಳು ತೋರ್ಸ್ಲಿ, ಕಚ್ಚು ನಾನೇ ಹಾಕ್ತೀನಿ."

ಅತ್ತೆಯ ಕೈ ಹಿಡಿದು ಹುಡುಗಿ ಒಂದೊಂದೇ ಜಾಗ ತೋರಿಸಿದಳು. ಹಳೇ ಕಚ್ಚುಗಳನ್ನು ನಾನು ಮೇಣ ತುಂಬಿ ಮುಚ್ಚಿದೆ. ಟೈಲರಮ್ಮ ಮತ್ತೆ ಮೊದಲಿಂದ ಹೊರಟರು. ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ನೀರು ಬಿಟ್ಟ ಸದ್ದು.

"ಆಂಟಿ, ಅತ್ತೆ ಮಂಚ ಎಲ್ಲಿ ಹಾಕ್ಲಿ? ಕಿಟಕಿ ಹತ್ರ ಇರ್ಲಾ?" ಎಂದಳು ಹುಡುಗಿ.

ಏಪ್ರಿಲ್ 3

ತಂಗಿ ಇನ್ನೊಂದು ಮನೆ ಹಿಡಿದಿದ್ದಾಳೆ. ನಾಳೆಯಿಂದ ಕೆಲಸದವರು. ಇವತ್ತು ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣು ಮುಚ್ಚಿ, ಗೋಡೆಗೆ ಕೈಯಿಟ್ಟು ಹೊರಟೆ. ತುಂಬ ಒರಟು ಗೋಡೆ. ಅಡುಗೆಮನೆಯ ತಿರುವಿನಲ್ಲಿ ಮಾತ್ರ ಅಂಗೈಯಗಲ ನುಣುಪಾಗಿದೆ. ಇಲ್ಲಿ ಯಾರೋ ದಿನಾ ಕೈಯಿಟ್ಟು —